ಇಬ್ಬರಿಗೂ ಬರೆದುಕೊಟ್ಟ ಕಾಗದ

ಆ ಆಷಾಢದಲ್ಲಿ ಮಳೆ ಬಿತ್ತೋ ಇಲ್ಲವೋ ಎಂಬುದೇ ನನಗೆ ಖಾತ್ರಿಯಿಲ್ಲ. ನನ್ನ ನೆನಪಿನಲ್ಲಿ ಅಣ್ಣನ ಎರಡು ತಿಂಗಳ ರಜೆಯುದ್ದಕ್ಕೂ ಮೇಲೂರಿನಲ್ಲಿ ಸೋನೆ ಹಿಡಿದಿದೆ. ಹಿಪ್ಪುನೇರಳೆ ತೋಟದ ಕೆಮ್ಮಣ್ಣು ಎಲ್ಲರ ಚಪ್ಪಲಿಗೂ ಮೆತ್ತಿಕೊಂಡಿದೆ. ಅಮ್ಮನನ್ನು ಕೇಳಿದರೆ, "ಯಾವ ಮಳೇನೋ? ಬರೀ ಗಾಳಿ ಕಣೋ ಆ ವರ್ಷ. ಒಗೆದ ಬಟ್ಟೆ ಒಂದೂ ತಂತಿ ಮೇಲೆ ನಿಲ್ತಿರ್ಲಿಲ್ಲ" ಎನ್ನುತ್ತಾಳೆ. ಇಬ್ಬರೂ ಒಂದೇ ಮನೆಯಲ್ಲಿದ್ದವರು. ಅಮ್ಮನ ಮಾತೇ ನಿಜವಿರಬೇಕು; ಮಳೆಯಿಂದಾಗಲಿ ಗಾಳಿಯಿಂದಾಗಲಿ ಆಕೆಗೆ ಆಗಬೇಕಾದ್ದೇನೂ ಇಲ್ಲ. ಮಳೆ ಬೇಕಾಗಿರುವುದು ನನಗೆ. ಮಳೆ ಹಿಡಿದರೆ ಜನ ಒಳಗೇ ಕೂತಿರುತ್ತಾರೆ, ಒಳಗೇ ಕೂತವರಿಗೆ ತಲೆ ಕೆಡುತ್ತದೆ, ತಲೆ ಕೆಟ್ಟಾಗ ಆದದ್ದಕ್ಕೆ ಯಾರನ್ನೂ ಹೊಣೆ ಮಾಡುವಂತಿಲ್ಲ.

ನಾನು ಚಿಂತಾಮಣಿಯ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಒಂದೇ ಸಾಕ್ಷಿಯನ್ನು ನಂಬಬೇಡಿ, ಹೇಳುವವನಿಗೆ ಅದರಿಂದ ಏನು ಸಿಕ್ಕಿತು ಎಂದು ಮೊದಲು ನೋಡಿ ಎಂದು ಪ್ರತಿವರ್ಷ ಹೊಸ ಮಕ್ಕಳಿಗೆ ಹೇಳುತ್ತೇನೆ. ಆ ಎರಡು ತಿಂಗಳಲ್ಲಿ ಏನಾದರೂ ಸಿಕ್ಕಿದ್ದು ನನಗೊಬ್ಬನಿಗೇ.

ಮೊನ್ನೆ ಊರಲ್ಲಿ ಡೆಂಗಿ ಹೆಚ್ಚಾಗಿ, ಸ್ಟಾಫ್ ರೂಮಿನ ಮೇಜಿನ ಕೆಳಗೆ ಅಟೆಂಡರು ಸೊಳ್ಳೆಬತ್ತಿ ಹಚ್ಚಿಟ್ಟರು. ಉತ್ತರಪತ್ರಿಕೆ ತಿದ್ದುತ್ತಿದ್ದವನು ಎದ್ದು ಹೊರಗೆ ಬಂದು ನಿಂತೆ. "ಏನ್ ಸಾರ್, ಅಲರ್ಜಿನಾ?" ಎಂದರು ಸಹೋದ್ಯೋಗಿ. ಹೌದು ಎಂದೆ. ಆ ವಾಸನೆಗೆ ನನಗೆ ಕಾಣುವುದು ಹುಳುಮನೆಯ ತಟ್ಟೆಗಳು, ತಟ್ಟೆಗಳಲ್ಲಿ ತಲೆಯೆತ್ತಿ ಅತ್ತಿತ್ತ ತೂಗುತ್ತಿದ್ದ ಸಾವಿರಾರು ರೇಷ್ಮೆಹುಳು.

ನಮ್ಮದು ತೊಂಡೇಬಾವಿ. ಅಪ್ಪ ಪ್ರೈಮರಿ ಶಾಲೆಯ ಮೇಷ್ಟ್ರಾಗಿದ್ದರು, ನಮ್ಮ ಮನೆಯವರು ಯಾವತ್ತೂ ಹುಳು ಸಾಕಿದವರಲ್ಲ. ಅಣ್ಣ ಮುನಿರಾಜು ಹತ್ತೊಂಬತ್ತಕ್ಕೆ ಮಿಲಿಟರಿ ಸೇರಿದ. ಅವನ ಕೈಹಿಡಿದ ಸರೋಜತ್ತಿಗೆ ಮೇಲೂರಿನವರು, ಹುಳು ಸಾಕುವ ಮನೆತನದ ಹೆಣ್ಣು. ಮದುವೆಯಾದ ಹೊಸತರಲ್ಲಿ ಒಂದು ವರ್ಷ ಅಣ್ಣನ ಜೊತೆ ಪಂಜಾಬಿನ ಕ್ವಾರ್ಟರ್ಸಿನಲ್ಲಿದ್ದರು. ಬಂದವರು ಮತ್ತೆ ಹೋಗಲಿಲ್ಲ. "ಗೋಡೆಗೊಂದು ಮೊಳೆ ಹೊಡೀಬೇಕಾದ್ರೂ ಪರ್ಮಿಷನ್ ಕಣಪ್ಪ ಅಲ್ಲಿ. ಕೈಗೆ ಕೆಲಸ ಇಲ್ಲ. ಕಿಟಕೀಲಿ ಪರೇಡ್ ನೋಡ್ಕೊಂಡು ಕೂತ್ರೆ ನಾನೂ ಒಂದಿನ ಸೆಲ್ಯೂಟ್ ಹೊಡೆದುಬಿಡ್ತೀನಿ ಅನ್ಸೋದು" ಎಂದು ನಗುತ್ತಿದ್ದರು.

ಆಮೇಲೆ ಅವರೇ ಹುಡುಕಿ ತಮ್ಮ ಊರಿನ ಪಕ್ಕದಲ್ಲಿ ಒಂದು ಎಕರೆ ನೋಡಿದರು. ಕೊಡುವವರಿಗೆ ಅವಸರವಿತ್ತು, ಅಣ್ಣ ಈಶಾನ್ಯದ ಯಾವುದೋ ಬೆಟ್ಟದ ಮೇಲಿದ್ದ, ರಜೆ ಸಿಗಲಿಲ್ಲ. ಅವನ ಸಂಬಳದಲ್ಲಿ ಉಳಿದದ್ದೆಲ್ಲ ಜಮೀನಿಗೆ ಹೋಯಿತು. ರಿಜಿಸ್ಟ್ರೇಷನ್ ನನ್ನ ಹೆಸರಿಗಾಯಿತು. ಹಾಗೆ ಮಾಡಿ ಎಂದವರು ಸ್ವತಃ ಅತ್ತಿಗೆಯೇ: "ಸೀನಪ್ಪ ಓದಿದವನು, ಆಫೀಸಲ್ಲಿ ಕೇಳಿದ್ದಕ್ಕೆ ಉತ್ತರ ಕೊಡ್ತಾನೆ. ಬರೀ ಹೆಸರಿಗೆ ತಾನೆ, ಇವ್ರು ಬಂದ್ಮೇಲೆ ಬದಲಾಯಿಸಿದ್ರಾಯ್ತು." ಆಮೇಲೆ ತಮ್ಮ ಬಳೆ ಮಾರಿ ಅಲ್ಲಿ ಹುಳುಮನೆ ಕಟ್ಟಿಸಿದರು, ಅದಕ್ಕೆ ಹೊಂದಿಕೊಂಡಂತೆ ಎರಡು ಕೋಣೆ. ಅವರು, ಮಗಳು ಹಂಸ, ನಮ್ಮಮ್ಮ ಅಲ್ಲೇ ಇದ್ದರು. ಅಣ್ಣ ಹಲವು ಸಲ ರಜೆಗೆ ಬಂದುಹೋದ. ಹೆಸರು ಬದಲಾಗಲಿಲ್ಲ. ಯಾರೂ ಕೇಳಲಿಲ್ಲ, ನಾನೂ ನೆನಪಿಸಲಿಲ್ಲ. ನನ್ನ ಹೆಸರಿದ್ದ ಪಹಣಿಯನ್ನು ಎಂ.ಎ. ಸರ್ಟಿಫಿಕೇಟಿನ ಜೊತೆ ಒಂದೇ ಕವರಿನಲ್ಲಿ ಇಟ್ಟುಕೊಂಡಿದ್ದೆ. ನಲವತ್ತರ ಹತ್ತಿರ ಬಂದರೂ ಅತಿಥಿ ಉಪನ್ಯಾಸಕನಾಗಿಯೇ ಉಳಿದವನಿಗೆ ಸರ್ಕಾರ ಹೆಸರು ಹಾಕಿ ಕೊಟ್ಟದ್ದು ಆ ಎರಡೇ ಕಾಗದ.

ಅಣ್ಣ ಅತ್ತಿಗೆಯ ನಡುವೆ ಮುರಿದದ್ದು ಏನೆಂದು ನನಗೆ ಇವತ್ತಿಗೂ ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ. ಮೂರನೆಯವರು ಯಾರೂ ಇರಲಿಲ್ಲ. ವರ್ಷಕ್ಕೆ ಎರಡು ತಿಂಗಳು ಬರುವ ಗಂಡ ಬಂದ ದಿನದಿಂದಲೇ ಮನೆಯ ಇನ್‌ಸ್ಪೆಕ್ಷನ್ ಶುರು ಮಾಡುತ್ತಿದ್ದ. ತಟ್ಟೆಗಳು ಸಾಲಾಗಿರಬೇಕು, ಪೊರಕೆ ಗೋಡೆಗೆ ನೆಟ್ಟಗೆ ನಿಂತಿರಬೇಕು. "ನಾನೇನು ನಿಮ್ಮ ಸಿಪಾಯಿನಾ?" ಎಂದು ಅತ್ತಿಗೆ. "ಸಿಪಾಯಿ ಆಗಿದ್ರೆ ಮಾತು ಕೇಳ್ತಿದ್ದೆ" ಎಂದು ಅವನು. ಮೊದಮೊದಲು ಇದು ತಮಾಷೆಯಾಗಿತ್ತು. ಯಾವ ವರ್ಷದಿಂದ ತಮಾಷೆಯಾಗಿ ಉಳಿಯಲಿಲ್ಲವೋ ಗಮನಿಸಲಿಲ್ಲ. ಆ ಆಷಾಢದ ಹಿಂದಿನ ರಜೆಯಲ್ಲಿ ಅಣ್ಣ ಚಿಕ್ಕಬಳ್ಳಾಪುರದ ಕೋರ್ಟಿನಲ್ಲಿ ವಿಚ್ಛೇದನಕ್ಕೆ ಹಾಕಿ ಹೊರಟುಹೋಗಿದ್ದ. ಮಿಲಿಟರಿಯವನಿಗೆ ಬೇಕೆಂದಾಗ ರಜೆ ಸಿಗುವುದಿಲ್ಲವೆಂದು ಕೋರ್ಟಿನವರು ರಾಜಿ ಮಾತುಕತೆಗೆ ಈ ರಜೆಯಲ್ಲೇ ತಾರೀಖು ಕೊಟ್ಟಿದ್ದರು.

ಹಾಗಾಗಿ ಅಣ್ಣ ಬಂದ. ಅಮ್ಮ ಇರುವುದು ಅಲ್ಲೇ, ಅವನಿಗೆ ಬೇರೆ ಮನೆಯೆಂಬುದಿಲ್ಲ. ತನ್ನ ಕರಿ ಟ್ರಂಕು ಹೊತ್ತುಕೊಂಡು ತಾನು ಕೇಸು ಹಾಕಿದ ಹೆಂಡತಿಯ ಮನೆಗೇ ಬಂದ. ಅತ್ತಿಗೆ ನೀರು ಕೊಟ್ಟರು. "ಕೇಸು ಕೋರ್ಟಲ್ಲಿ, ಊಟ ಇಲ್ಲಿ. ಮುದ್ದೆ ಎರಡು ಹಾಕ್ಲಾ?" ಎಂದರು. ಸೆಮಿಸ್ಟರ್ ಮುಗಿದು ಅತಿಥಿ ಉಪನ್ಯಾಸಕರಿಗೆಲ್ಲ ಬಿಡುವು ಕೊಟ್ಟಿದ್ದರಿಂದ ನಾನೂ ಅಲ್ಲೇ ಇದ್ದೆ. ನಾನು ನಕ್ಕೆ, ಅಣ್ಣ ನಗಲಿಲ್ಲ.

ಅವನ ಮಂಚವನ್ನು ಸೊಪ್ಪು ಕೂಡಿಡುವ ಕೋಣೆಯಲ್ಲಿ ಹಾಕಿದರು. ಅದಕ್ಕೂ ಹುಳುಮನೆಗೂ ನಡುವೆ ಒಂದೇ ಗೋಡೆ, ಗೋಡೆಯ ಮೇಲ್ಗಡೆ ಗಾಳಿಗೆಂದು ಬಿಟ್ಟ ಜಾಲರಿ. ಹುಳುಗಳು ನಾಲ್ಕನೇ ಜ್ವರ ಎದ್ದಿದ್ದವು. ಹುಳು ಪೊರೆ ಬಿಡುವಾಗ ಮೇವು ಬಿಟ್ಟು ಮಂಕಾಗಿ ಮಲಗುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯದು ಎದ್ದರೆ ಇನ್ನು ವಾರವೊಪ್ಪತ್ತಿನಲ್ಲಿ ಗೂಡು. ಆ ವಾರ ಹುಳುಮನೆಯವರು ತಲೆಗೆ ವಾಸನೆಯ ಎಣ್ಣೆ ಹಚ್ಚುವುದಿಲ್ಲ, ಊದಿನಕಡ್ಡಿಯನ್ನೂ ಹಚ್ಚುವುದಿಲ್ಲ, ಘಾಟಿಗೆ ಹುಳು ಸಾಯುತ್ತವೆ. ಅಣ್ಣನಿಗೆ ಈಶಾನ್ಯದಲ್ಲಿದ್ದಾಗ ಎರಡು ಸಲ ಮಲೇರಿಯಾ ಬಂದಿತ್ತು. ಅಂದಿನಿಂದ ಮಂಚದ ಕೆಳಗೆ ಸೊಳ್ಳೆಬತ್ತಿ ಇಲ್ಲದೆ ಅವನು ಮಲಗಿದವನಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಎರಡು ಬತ್ತಿ ಹಚ್ಚಿಟ್ಟುಕೊಂಡ.

ಬೆಳಿಗ್ಗೆ ಸೊಪ್ಪು ಹಾಕಲು ಹೋದ ಅತ್ತಿಗೆ ಕೂಗಲಿಲ್ಲ. ತಟ್ಟೆಯೊಂದನ್ನು ಹೊರಗೆ ತಂದು ಬಿಸಿಲಿಗಿಟ್ಟು ಪಕ್ಕದಲ್ಲಿ ಕೂತರು. ಬಿಸಿಲು ಎಂದೆ, ಹಾಗಾದರೆ ಆ ದಿನವಂತೂ ಮಳೆಯಿರಲಿಲ್ಲ. ಹುಳುಗಳು ಹಸಿರು ಕಕ್ಕಿಕೊಂಡು ತಲೆ ತೂಗುತ್ತಿದ್ದವು.

"ಏಮಿರಾ ಇದಿ, ಏನಾಯ್ತೇ ಸರೋಜ" ಎಂದು ಅಮ್ಮ ಬಂದಳು. ಅವಳಿಗೆ ಗಾಬರಿಯಾದರೆ ತೆಲುಗು ಬರುತ್ತದೆ.

ಅತ್ತಿಗೆ ಅಣ್ಣನನ್ನು ನೋಡಿ, "ಹದಿನಾಲ್ಕು ವರ್ಷ ಸಂಸಾರ ಮಾಡಿದ್ರಿ. ಹುಳುಮನೆ ಪಕ್ಕ ಬತ್ತಿ ಹಚ್ಚಬಾರ್ದು ಅಂತ ಗೊತ್ತಿಲ್ವಾ ನಿಮಗೆ?" ಎಂದರು.

"ಹದಿನಾಲ್ಕು ವರ್ಷದಲ್ಲಿ ನಾನಿಲ್ಲಿ ಇದ್ದಿದ್ದು ಎಷ್ಟು ದಿನ, ನೀನೇ ಹೇಳು" ಎಂದ ಅಣ್ಣ. ಜಗಳಕ್ಕೆಂದು ಹೇಳಿದಂತಿರಲಿಲ್ಲ, ಲೆಕ್ಕ ತಿಳಿಯದೆ ಕೇಳಿದಂತಿತ್ತು. ಆದರೆ ಅತ್ತಿಗೆಗೆ ಹಾಗೆ ಕೇಳಿಸಲಿಲ್ಲ. ಬೇಕೆಂದೇ ಮಾಡಿದ ಎಂದು ಅವರು, ಮಲಗಲು ಆ ಕೋಣೆ ಕೊಟ್ಟಿದ್ದೇ ನೀನು ಎಂದು ಅವನು. ಆಮೇಲೆ ಇಬ್ಬರೂ ಮಾತು ನಿಲ್ಲಿಸಿದರು. ಮಾತು ನಿಂತ ಮೇಲೆ ಇಬ್ಬರೂ ನನ್ನ ಹತ್ತಿರ ಬಂದರು.

ಮೊದಲು ಬಂದವರು ಅತ್ತಿಗೆ. ಅಣ್ಣನ ಯೂನಿಟ್ಟಿನ ಕಮಾಂಡಿಂಗ್ ಆಫೀಸರಿಗೆ ಹೆಂಡತಿ ಕಾಗದ ಬರೆದರೆ ಗಂಡನ ಸಂಬಳದಿಂದಲೇ ಜೀವನಾಂಶ ಹಿಡಿದು ಕಳಿಸುತ್ತಾರೆ ಎಂದು ಅವರ ವಕೀಲರು ಹೇಳಿದ್ದರು. ಇಂಗ್ಲಿಷಿನಲ್ಲಿ ಬರೆಯಬೇಕು.

"ನಾನು ಅವನ ತಮ್ಮ, ಅತ್ತಿಗೆ" ಎಂದೆ.

"ಅದಕ್ಕೇ ನಿನ್ನ ಹತ್ರ ಬಂದಿದ್ದು. ಹೊರಗಿನವರು ಬರೆದ್ರೆ ಇಲ್ಲದ್ದೆಲ್ಲ ಸೇರಿಸ್ತಾರೆ. ಅವ್ರು ಮನುಷ್ಯ ಕೆಟ್ಟವ್ರಲ್ಲ ಅಂತ ಮೊದ್ಲು ಬರಿ. ಆಮೇಲೆ ಮಿಕ್ಕಿದ್ದು."

"ದೂರಿನಲ್ಲಿ ಅದನ್ನೆಲ್ಲ ಬರೆಯೋಕಾಗಲ್ಲ."

"ಯಾಕಾಗಲ್ಲ? ನಿಜ ತಾನೆ?"

ಬರೆಯುತ್ತೇನೆ ಎಂದು ಹೇಳಿ ಬರೆಯಲಿಲ್ಲ. ಅವರಿಗೆ ಓದಿ ಹೇಳುವಾಗ ಅದೂ ಇದೆಯೆಂಬಂತೆ ಸೇರಿಸಿ ಓದಿದೆ. ಇದು ಮಾತ್ರ ಚೆನ್ನಾಗಿ ನೆನಪಿದೆ. ಆಗ ನನಗೆ ಅದು ತಪ್ಪೆನಿಸಿರಲಿಲ್ಲ, ಒಳ್ಳೆಯ ಕರಡು ತಿದ್ದಿದ ಹಾಗಿತ್ತು.

ಹತ್ತು ದಿನಕ್ಕೆ ಅಣ್ಣನಿಗೆ ಯೂನಿಟ್ಟಿನಿಂದ ಫೋನು ಬಂತು. ಸಂಸಾರದ ಸ್ಥಿತಿ, ಆಸ್ತಿಯ ವಿವರ ಎಲ್ಲ ಬರೆದು ಉತ್ತರ ಕಳಿಸು ಎಂದರಂತೆ. ಜೊತೆಗೆ ಅತ್ತಿಗೆಯ ಕಾಗದದ ಫೋಟೊ ವಾಟ್ಸಾಪಿನಲ್ಲಿ ಬಂದಿತ್ತು. ಅಣ್ಣ ಅದನ್ನು ನನ್ನ ಮುಖದ ಮುಂದೆ ಹಿಡಿದ.

"ಲೋ ಸೀನ, ಇದು ನಿನ್ನ ಇಂಗ್ಲಿಷ್ ಅಲ್ವೇನೋ?"

ಹೌದೆಂದು ತಲೆಯಾಡಿಸಿದೆ.

"ಚೆನ್ನಾಗಿ ಬರ್ದಿದ್ದೀಯ ಕಣೋ. ನಾನೇ ಓದಿದ್ರೂ ಇವನಿಗೆ ಶಿಕ್ಷೆ ಕೊಡ್ಬೇಕು ಅನ್ಸುತ್ತೆ. ಈಗ ನಂದೂ ಹಂಗೇ ಬರಿ. ಮನೇಲಿ ಓದಿದವನಿರುವಾಗ ಹೊರಗಡೆ ಯಾಕೆ ಹೋಗ್ಲಿ?"

ಮರುದಿನ ಬರೆದೆ. ನನ್ನ ನೆನಪಿನ ಚಿತ್ರ ಇದು: ಅಣ್ಣ ಕೈ ಹಿಂದಕ್ಕೆ ಕಟ್ಟಿಕೊಂಡು ಅಂಗಳದಲ್ಲಿ ಆ ಕಡೆಯಿಂದ ಈ ಕಡೆಗೆ ನಡೆಯುತ್ತಿದ್ದಾನೆ, ಹೊರಗೆ ಸೋನೆ, ಅವನು ಕನ್ನಡದಲ್ಲಿ ಒಂದೊಂದೇ ವಾಕ್ಯ ಹೇಳುತ್ತಾನೆ, ನಾನು ಇಂಗ್ಲಿಷಿಗೆ ತಿರುಗಿಸುತ್ತೇನೆ. ಅದರಲ್ಲೊಂದು ವಾಕ್ಯ: ಮೇಲೂರಿನ ಜಮೀನು ನನ್ನದಲ್ಲ, ನನ್ನ ತಮ್ಮ ತನ್ನ ಸ್ವಂತ ದುಡಿಮೆಯಿಂದ ಕೊಂಡದ್ದು. ಹೆಂಡತಿಗೆ ಭಾಗ ಕೊಡಬಾರದೆಂದು ಅಣ್ಣ ಈ ಸುಳ್ಳು ಹೇಳಿದ, ನಾನು ಬರೀ ಕೈಯಾದೆ. ಸಹಿ ಮಾಡುವ ಮೊದಲು ಅವನು ನಿಧಾನವಾಗಿ ಓದಿದ. ಅಷ್ಟು ಇಂಗ್ಲಿಷ್ ಅವನಿಗೆ ಬರುತ್ತದೆ. ಒಂದು ಕಡೆ ನಿಲ್ಲಿಸಿ ನನ್ನ ಮುಖ ನೋಡಿದ. ಆಮೇಲೆ ಸಹಿ ಮಾಡಿದ.

ಆ ಕಾಗದ ಕೋರ್ಟಿಗೂ ಬಂತು. ರಾಜಿ ಮಾತುಕತೆಯ ದಿನ ಚಿಕ್ಕಬಳ್ಳಾಪುರದ ಕೋರ್ಟಿನ ಆ ಸಣ್ಣ ಕೋಣೆಯಲ್ಲಿ ನಾವು ಮೂವರೂ ಒಂದೇ ಬೆಂಚಿನಲ್ಲಿ ಕೂತಿದ್ದೆವು. ಮಧ್ಯಸ್ಥಿಕೆಗೆ ಕೂತ ವಕೀಲರು ಹಿರಿಯ ಹೆಂಗಸು. ಜೀವನಾಂಶದ ಮಾತು ಬೇಗ ಮುಗಿಯಿತು, ಅಣ್ಣ ತಕರಾರು ಮಾಡಲಿಲ್ಲ. ಮಗಳ ಓದಿನ ಮಾತೂ ಮುಗಿಯಿತು. ಉಳಿದದ್ದು ಜಮೀನು. ಅತ್ತಿಗೆಯ ವಕೀಲರು ಮೊದಲೇ ಅವರಿಗೆ ಹೇಳಿದ್ದರು: ಕಾನೂನಿನಲ್ಲಿ ನಿಮಗೆ ದಾರಿಯಿಲ್ಲಮ್ಮ, ಕಾಗದ ಮೈದುನನ ಹೆಸರಲ್ಲಿದೆ, ಇದು ಅಣ್ಣನದು ಅಂತ ಅವರೇ ಬಾಯಿಬಿಟ್ಟು ಹೇಳಿ ನಿಮಗೆ ಬರೆದುಕೊಟ್ಟರೆ ಉಂಟು.

"ಜಮೀನು ಯಾರದಪ್ಪ?" ಎಂದು ಮಧ್ಯಸ್ಥಿಕೆಯವರು ಅಣ್ಣನನ್ನು ಕೇಳಿದರು.

"ತಮ್ಮನ್ನ ಕೇಳಿ ಮೇಡಂ" ಎಂದ ಅಣ್ಣ.

ಎಂಥ ಜಾಣ, ನನ್ನ ಬಾಯಿಂದಲೇ ಹೇಳಿಸುತ್ತಿದ್ದಾನೆ ಎಂದುಕೊಂಡೆ. ಆಕೆ ನನ್ನ ಕಡೆ ತಿರುಗಿದರು. "ದಾಖಲೆಯಲ್ಲಿ ನನ್ನ ಹೆಸರಿದೆ" ಎಂದೆ. ಸುಳ್ಳೇನೂ ಅಲ್ಲ.

"ದಾಖಲೆ ನಾನೂ ನೋಡಿದ್ದೀನಿ. ಜಮೀನು ಯಾರದು ಅಂತ ಕೇಳ್ದೆ."

"ದಾಖಲೆಯಲ್ಲಿ ಇರೋದಷ್ಟೇ ನಾನು ಹೇಳಬಲ್ಲೆ."

ಅತ್ತಿಗೆ ನಕ್ಕರು. ಅಲ್ಲಿ ಯಾರೂ ನಿರೀಕ್ಷಿಸದ, ನಿಜವಾದ ನಗು. "ಬಿಡಿ ಮೇಡಂ, ಅವನು ಹಿಸ್ಟ್ರಿ ಮೇಷ್ಟ್ರು. ಕಣ್ಣಾರೆ ಕಂಡಿದ್ನ ನಂಬಲ್ಲ ಅವನು, ಕಾಗದದಲ್ಲಿದ್ರೇನೇ ಸತ್ಯ" ಎಂದರು. ಆಮೇಲೆ ನನ್ನ ಕಡೆ ನೋಡದೆ ಕೇಳಿದರು, "ಸೀನಪ್ಪ, ಹುಳುಮನೆ ಪಾಯ ತೆಗೆದಾಗ ಕಲ್ಲು ಹೊತ್ತಿದ್ದು ಯಾರಪ್ಪ? ಅದಾದ್ರೂ ನೆನಪಿದೆಯಾ?"

ಏನು ಹೇಳಿದೆನೋ ನೆನಪಿಲ್ಲ. ಏನೂ ಹೇಳಲಿಲ್ಲ ಎಂದೇ ಬಹಳ ವರ್ಷ ಅಂದುಕೊಂಡಿದ್ದೆ. ಅಮ್ಮ ಹೇಳುವಂತೆ, ಮನೆಗೆ ಬಂದ ಮೇಲೆ ಅತ್ತಿಗೆ ಅವಳೊಂದಿಗೆ ಅಂದರಂತೆ: "ನೆನಪಿಲ್ಲ ಅಂದ್ಬಿಟ್ಟ ಅತ್ತೆ, ನಿಮ್ಮ ಮಗ."

ರಜೆ ಮುಗಿಯುವ ಮೊದಲೇ ಇಬ್ಬರೂ ಒಪ್ಪಿಗೆಯ ಅರ್ಜಿಗೆ ಸಹಿ ಹಾಕಿದರು. ಅತ್ತಿಗೆ ತಮ್ಮ ಪಾತ್ರೆ, ತಟ್ಟೆ, ಗೂಡು ಕಟ್ಟಿಸುವ ಚಂದ್ರಿಕೆಗಳನ್ನು ಅದೇ ಊರಿನ ತವರುಮನೆಗೆ ಸಾಗಿಸಿದರು. ಚಂದ್ರಿಕೆಗಳಿಗೆ ಅಲ್ಲಿ ಜಾಗ ಸಾಲದೆ ಹೊರಗೆ ಬೇಲಿಗೆ ಒರಗಿಸಿಟ್ಟಿದ್ದರು. ಅಮ್ಮನನ್ನು ನಾನು ಚಿಂತಾಮಣಿಗೆ ಕರೆತಂದೆ. ಅಣ್ಣ ಟ್ರಂಕು ಎತ್ತಿಕೊಂಡು ಬಸ್ಸು ಹತ್ತುವಾಗ, "ಜಮೀನು ಏನ್ಮಾಡ್ತೀಯೋ ನೋಡ್ಕೋ" ಎಂದ. ಅಷ್ಟೇ.

ತೋಟ ಒಣಗಿತು. ಮಾರನೇ ವರ್ಷ ಲೇಔಟಿನವರು ಬಂದಾಗ ಶಿಡ್ಲಘಟ್ಟದ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಕ್ಯಾಮೆರಾ ಮುಂದೆ ಕೂತು, ಹೆಬ್ಬೆರಳೊತ್ತಿ, ಇದು ನನ್ನ ಸ್ವಯಾರ್ಜಿತ ಸ್ವತ್ತು ಎಂಬ ಪತ್ರಕ್ಕೆ ಸಹಿ ಹಾಕಿದೆ. ಹುಳುಮನೆಯನ್ನು ಜೆಸಿಬಿ ಒಂದು ಬೆಳಗಿನಲ್ಲಿ ಕೆಡವಿತಂತೆ, ನಾನು ನೋಡಲು ಹೋಗಲಿಲ್ಲ. ಅಣ್ಣನಿಗೆ ಫೋನು ಮಾಡಿ ನಿನ್ನ ಪಾಲು ಕಳಿಸುತ್ತೇನೆ ಎಂದೆ. "ನಿನ್ನ ಸ್ವಂತ ದುಡಿಮೇದಲ್ವೇನೋ, ನೀನೇ ಇಟ್ಕೋ" ಎಂದ. ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ಈಗ ಚಿಂತಾಮಣಿಯಲ್ಲಿ ನಾನು, ಅಮ್ಮ ಇರುವ ಮನೆ ಅದರಿಂದ ಬಂದದ್ದು. ಯಾರಾದರೂ ಕೇಳಿದರೆ ಹೇಳಲು ನನ್ನ ಹತ್ತಿರ ಅಂಗಳದ ಆ ಚಿತ್ರ ಇತ್ತು: ಅಣ್ಣ ಹೇಳಿದ, ನಾನು ಬರೆದೆ. ಯಾರೂ ಕೇಳಲಿಲ್ಲ. ನಾನೇ ನನಗೆ ಹೇಳಿಕೊಳ್ಳುತ್ತಿದ್ದೆ.

ಸೊಳ್ಳೆಬತ್ತಿಯ ವಾಸನೆಗೆ ಎದ್ದು ಬಂದ ಆ ವಾರವೇ ಶಿಡ್ಲಘಟ್ಟ ಬಸ್‌ಸ್ಟ್ಯಾಂಡಿನಲ್ಲಿ ಅತ್ತಿಗೆ ಸಿಕ್ಕರು. ಬಯಸಿ ಹುಡುಕಿದ್ದಲ್ಲ, ಬಸ್ಸು ಬದಲಿಸಲು ಇಳಿದಿದ್ದೆ. ಬೇರೆಯವರ ಹುಳುಮನೆಗಳಲ್ಲಿ ಸೊಪ್ಪು ಹಾಕುವ ಕೆಲಸಕ್ಕೆ ಹೋಗುತ್ತಾರಂತೆ. ಉಗುರಿನ ಸಂದಿಯಲ್ಲಿ ಹುಳುತಟ್ಟೆಗೆ ಉದುರಿಸುವ ಸುಣ್ಣದ ಪುಡಿ ಇತ್ತು. ತಪ್ಪಿಸಿಕೊಳ್ಳುವ ಮೊದಲೇ ಕೂಗಿದರು.

"ಸೀನಪ್ಪ! ಏನಪ್ಪ ಹಿಂಗೆ ಸೊರಗಿದ್ದೀಯ? ಅತ್ತೆ ಹೆಂಗಿದ್ದಾರೆ?"

"ಚೆನ್ನಾಗಿದ್ದಾಳೆ ಅತ್ತಿಗೆ." ಹಾಗೆ ಕರೆಯಬಹುದೋ ಇಲ್ಲವೋ ಎಂದು ಕರೆದ ಮೇಲೆ ಅನಿಸಿತು.

"ಹಂಸ ಹಾಸ್ಟೆಲಲ್ಲಿದ್ದಾಳೆ, ಪಿಯುಸಿ. ಮಿಲಿಟರಿಯವ್ರ ಮಕ್ಕಳಿಗೆ ಸ್ಕಾಲರ್‌ಶಿಪ್ ಇದೆಯಂತೆ. ಒಂದು ಅರ್ಜಿ ಬರ್ದುಕೊಡಪ್ಪ. ಅವ್ರ ಸರ್ವಿಸ್ ನಂಬರ್ರು, ಡಿಸ್ಚಾರ್ಜ್ ಬುಕ್ಕಿನ ಜೆರಾಕ್ಸು ಎಲ್ಲ ಬೇಕಂತೆ. ನಾನು ಹೆಂಗೆ ಕೇಳ್ಲಿ ಅವ್ರನ್ನ?"

"ನಾನೇ ಬರೀಬೇಕಾ ಅತ್ತಿಗೆ?"

"ನಿನ್ನ ಬಿಟ್ರೆ ಇನ್ಯಾರಿದ್ದಾರಪ್ಪ ನಮಗೆ ಬರೆಯೋರು" ಎಂದರು. ಕುಹಕವಿದೆಯೇ ಎಂದು ಮುಖ ನೋಡಿದೆ. ಇರಲಿಲ್ಲ. ಇದ್ದಿದ್ದರೆ ನನಗೆ ಬದುಕು ಸ್ವಲ್ಪ ಸುಲಭವಾಗುತ್ತಿತ್ತು. ಮೇಲೂರು ಬಸ್ಸು ಬಂತು, ಹತ್ತಿ ಹೋದರು. ಆ ಬಸ್ಸು ಅವರ ತೋಟವಿದ್ದ ಜಾಗದ ಮುಂದೆಯೇ ಹೋಗುತ್ತದೆ. ಅಲ್ಲಿ ಈಗ ಸೈಟುಗಳ ಗಡಿಗೆ ನೆಟ್ಟ ಬಿಳಿಕಲ್ಲುಗಳಿವೆ.

ಭಾನುವಾರ ಗೌರಿಬಿದನೂರಿಗೆ ಹೋದೆ. ಅಣ್ಣ ನಿವೃತ್ತನಾಗಿ ಅಲ್ಲೊಂದು ಫ್ಯಾಕ್ಟರಿಯ ಗೇಟಿನಲ್ಲಿ ಸೆಕ್ಯುರಿಟಿ ಕೆಲಸ ಮಾಡುತ್ತಾನೆ, ಒಂದು ರೂಮಿನಲ್ಲಿ ಒಬ್ಬನೇ ಇದ್ದಾನೆ. ಪೊರಕೆ ಗೋಡೆಗೆ ನೆಟ್ಟಗೆ ನಿಂತಿತ್ತು. ಹಂಸಳ ಅರ್ಜಿಯ ಮಾತು ಹೇಳಿದೆ. "ಸರೋಜನೇ ಕೇಳ್ಬಹುದಿತ್ತು" ಎಂದ, ಆಮೇಲೆ "ಹೆಂಗಿದ್ದಾಳೆ?" ಎಂದ. ಬೇರೆಯವರ ಹುಳುಮನೆಗೆ ಕೂಲಿಗೆ ಹೋಗುತ್ತಿದ್ದಾರೆ ಎಂದೆ. ಅವನು ಡ್ಯೂಟಿಯ ಶೂಗಳಿಗೆ ಪಾಲಿಶ್ ಹಚ್ಚತೊಡಗಿದ. "ಟ್ರಂಕಲ್ಲಿದೆ, ನೋಡ್ಕೋ. ಎಲ್ಲ ಫೈಲು ಮಾಡಿಟ್ಟಿದ್ದೀನಿ."

ಮಿಲಿಟರಿಯವನ ಫೈಲು. ಒಂದು ಕಾಗದವೂ ಆಚೀಚೆಯಿಲ್ಲ. ಡಿಸ್ಚಾರ್ಜ್ ಬುಕ್ಕಿನ ಹಿಂದೆ ಯೂನಿಟ್ಟಿಗೆ ಕಳಿಸಿದ ಆ ಉತ್ತರದ ನಕಲಿತ್ತು. ಅದಕ್ಕೆ ಪಿನ್ನು ಹಾಕಿ ರೂಲ್ಡ್ ಹಾಳೆಯೊಂದನ್ನು ಸೇರಿಸಿದ್ದ, ಅಣ್ಣನ ದುಂಡು ಅಕ್ಷರ, ಕನ್ನಡ. ಹಾಳೆಯ ಮೇಲಿನ ತಾರೀಖೂ ಉತ್ತರದ ತಾರೀಖೂ ಒಂದೇ. ನಾನು ಅದನ್ನು ಎರಡು ಸಲ ಓದಿ, ಫೋನಿನಲ್ಲಿ ಫೋಟೊ ತೆಗೆದು, ಮನೆಗೆ ಬಂದ ಮೇಲೆ ಮತ್ತೊಮ್ಮೆ ಓದಿ ಖಚಿತ ಮಾಡಿಕೊಂಡೆ. ಮೊದಲ ಸಾಲು: "ಸೀನ, ನಾನು ರಿಟರ್ನ್ ಟಿಕೆಟ್ ಮಾಡಿಸೋಕೆ ಚಿಕ್ಕಬಳ್ಳಾಪುರಕ್ಕೆ ಹೋಗ್ತಿದ್ದೀನಿ, ಸಂಜೆ ಬರ್ತೀನಿ, ಅಷ್ಟರಲ್ಲಿ ಬರ್ದಿಡು." ಕೆಳಗೆ ಸಂಬಳ, ಮಗಳ ಫೀಸು, ಅಮ್ಮನ ಔಷಧಿ, ಬತ್ತಿ ಹಚ್ಚಿದ್ದು ಗೊತ್ತಿಲ್ಲದೆ ಆದ ತಪ್ಪು ಎಂಬುದು. ಕಡೆಯ ಸಾಲು: "ಜಮೀನು ವಿಚಾರ ನಿಂಗೆ ಸರಿ ಅನ್ಸಿದ್ದು ಬರಿ."